ಬಾಯಲ್ಲಿ ಎಣಿಸದ ಮರಗಳು

ಬಾಕಿರ್ ಕರವಸ್ತ್ರದ ಗಂಟು ಬಿಚ್ಚಿ, ಒಳಗಿದ್ದ ಖರ್ಜೂರದ ಬೀಜಗಳನ್ನೆಲ್ಲ ಚಹಾದ ಹಿತ್ತಾಳೆ ತಟ್ಟೆಗೆ ಸುರಿದ. ಚಹಾ ಬಗ್ಗಿಸುತ್ತಿದ್ದ ಅತ್ತೆ ಮೆನ್ನಾನಾ ಕೈಯನ್ನು ಹಾಗೇ ನಿಲ್ಲಿಸಿದಳು.

"ಇದು ನಿನಗೆಲ್ಲಿ ಸಿಕ್ತು?"

"ಸತ್ತವನ ಜೇಬಲ್ಲಿ."

"ಯಾರು, ಆ ಲೆಕ್ಕದ ಡಾಕ್ಟರಾ?"

"ಅವನೇ. ಖರ್ಜೂರ ತಿಂದು ಬೀಜ ಉಗೀದೆ ಜೇಬಿಗೆ ಹಾಕ್ಕೊಂಡಿದ್ದಾನೆ ಅಂತ ನಮ್ಮ ಸ್ಟೇಷನ್ನಿನವರು ನಗ್ತಾ ಇದ್ದಾರೆ. ನಂಗೆ ನಗು ಬರ್ತಿಲ್ಲ ಅತ್ತೆ."

ಡಾಕ್ಟರ್ ಮೆಝಿಯಾನ್ ಎಂದರೆ ಮದ್ದು ಕೊಡುವ ಡಾಕ್ಟರಲ್ಲ. ರಾಜಧಾನಿಯಿಂದ ಸರ್ಕಾರ ಕಳುಹಿಸಿದ್ದ ಅರ್ಥಶಾಸ್ತ್ರಜ್ಞ. ಮೊನ್ನೆ ಅವನು ಹೊಸ ತೂಬಿನ ಗೋಡೆಯ ಬುಡದಲ್ಲಿ ತಲೆಯ ಹಿಂಭಾಗ ಒಡೆದು ಸತ್ತು ಬಿದ್ದಿದ್ದ. ಜೇಬಿನಲ್ಲಿ ಈ ಗಂಟು, ಜೊತೆಗೆ ಒಂದು ಹಲ್ಲುಹಲ್ಲಾದ ಮರದ ಕೀಲಿ, ಅಷ್ಟೇ. ಕೀಲಿ ಅವನು ಇಳಿದುಕೊಂಡಿದ್ದ ಮನೆಯದಿರಬೇಕು ಎಂದು ಪೊಲೀಸರು ಅದನ್ನು ಪಕ್ಕಕ್ಕಿಟ್ಟಿದ್ದರು.

"ಕೂತ್ಕೋ ಮಗಾ, ಚಹಾ ಆರಿಹೋಗುತ್ತೆ," ಎಂದಳು ಅತ್ತೆ.

ಬಾಕಿರ್ ಕೂರಲಿಲ್ಲ. ಬೆಳಗಿನಿಂದ ಅವನ ಕಾಲಿಗೆ ಚಕ್ರ ಕಟ್ಟಿದಂತಾಗಿತ್ತು. ಅಂಗಳದ ಮೇಲೆ ಕಾಣುವ ತುಂಡು ಆಕಾಶವನ್ನು ಗಳಿಗೆಗೊಮ್ಮೆ ನೋಡುತ್ತಿದ್ದ. ಇಲ್ಲಿ ಬಿಸಿಲು ಸುಡುತ್ತಿತ್ತು, ಬಡಗಣ ಗುಡ್ಡದ ಮೇಲೆ ಮಾತ್ರ ಮೋಡ ಕಪ್ಪಗೆ ಒಟ್ಟಿಕೊಂಡಿತ್ತು. ತಝ್ನಿತ್ ಊರಿನಲ್ಲಿ ಮಳೆ ನೆತ್ತಿಯ ಮೇಲೆ ಬರುವುದು ಅಪರೂಪ. ಗುಡ್ಡದಲ್ಲಿ ಬಂದದ್ದು ಒಣಹಳ್ಳದಲ್ಲಿ ಉರುಳಿಕೊಂಡು ಬರುತ್ತದೆ. ಬಂದರೆ ಬುರುಜಿನ ಕಾವಲುಗಾರ ಕೋವಿ ಹಾರಿಸುತ್ತಾನೆ. ಇಷ್ಟು ವರ್ಷ ಆ ಸದ್ದಿಗೆ ಊರು ಹಬ್ಬ ಮಾಡುತ್ತಿತ್ತು, ಹೆಂಗಸರು ನಾಲಿಗೆ ಕುಣಿಸಿ ಕೇಕೆ ಹಾಕುತ್ತಿದ್ದರು.

ಈ ಸಲ ಕೆಳಕೇರಿಗೆ ಆ ಸದ್ದು ಕೇಳುವುದೇ ಬೇಡವಾಗಿತ್ತು. ಹೊಸ ತೂಬು ಮುಗಿದಿತ್ತು. ಇನ್ನು ಹಳ್ಳ ಬಂದ ಕೂಡಲೇ ತೂಬಿನ ಬಾಗಿಲು ಎತ್ತಿ, ನೀರನ್ನೆಲ್ಲ ಕೆಳಕೇರಿಯ ಕಡೆಗೆ ತಿರುಗಿಸಬೇಕೆಂದು ಗವರ್ನರ್ ಆಜ್ಞೆಯಾಗಿತ್ತು. ಕೋವಿಯ ಸದ್ದು ಕೇಳಿದವರು ಮನೆ ಬಿಟ್ಟು ದಿಬ್ಬ ಹತ್ತಬೇಕಂತೆ.

"ನೀನೂ ದಿಬ್ಬ ಹತ್ತಬೇಕು ಅತ್ತೆ. ಈಗಲೇ ಹೊರಡು."

"ಹತ್ತಲ್ಲ ಹೋಗೋ. ಹಳ್ಳ ಅಂದ್ರೆ ದೇವರು ಕೊಟ್ಟದ್ದು, ಎಲ್ಲ ಕೇರಿಗೂ ಪಾಲು ಪಾಲಾಗಿ ಬಂದ್ರೆ. ಇಡೀ ಹಳ್ಳ ಒಂದೇ ಕೇರಿ ಮೇಲೆ ಬಿದ್ರೆ ಅದು ದೇವರು ಕೊಟ್ಟದ್ದಲ್ಲ, ಸರ್ಕಾರ ಕೊಟ್ಟದ್ದು." ಅತ್ತೆಯ ದನಿ ನಡುಗಿತು. "ಮೂವತ್ತೇಳು ಮರ ಕಣೋ! ನಿಮ್ಮ ಮಾವ ಹೆಗಲ ಮೇಲೆ ನೀರು ಹೊತ್ತು ಬೆಳೆಸಿದ್ದು. ಒಂದು ಮಧ್ಯಾಹ್ನಕ್ಕೆ ಬುಡಮೇಲು. ಈ ಗೋಡೆ ನೋಡು, ಮಣ್ಣಿಂದು. ಸೊಂಟದ ಮಟ್ಟ ನೀರು ನಿಂತ್ರೆ ಬೆಲ್ಲ ಕರಗಿದ ಹಾಗೆ ಕರಗುತ್ತೆ."

ಬಾಕಿರ್ ಗೋಡೆ ನೋಡಿದ. ತಾಯಿ ಸತ್ತ ಮೇಲೆ ಇದೇ ಅಂಗಳದಲ್ಲಿ ಇದೇ ಅತ್ತೆಯ ಕೈತುತ್ತು ತಿಂದು ಬೆಳೆದವನು ಅವನು. ಆಮೇಲೆ ಸಮುದ್ರದ ಕಡೆಯ ಊರುಗಳಲ್ಲಿ ಪೊಲೀಸ್ ಚಾಕರಿ ಮಾಡಿ, ಇನ್‌ಸ್ಪೆಕ್ಟರಾಗಿ ಹೋದ ವರ್ಷವಷ್ಟೇ ಊರಿಗೆ ಮರಳಿದ್ದ. ಆ ಗೋಡೆಯ ಮೇಲೆ ಅವನ ಎತ್ತರ ಅಳೆದ ಗೀರುಗಳು ಇನ್ನೂ ಇದ್ದವು.

"ಬೀಜದ ವಿಷಯ ಹೇಳು," ಎಂದ.

ಅತ್ತೆ ತಟ್ಟೆಯಲ್ಲಿ ಬೆರಳಾಡಿಸಿದಳು. ಕೆಲವು ಬೀಜ ಗಿಡ್ಡ, ಕೆಲವು ದಪ್ಪ. ಉದ್ದನೆಯ ಒಂದನ್ನು ಎತ್ತಿ ಮತ್ತೆ ಹಾಕಿದಳು.

"ಕೆಳಕೇರಿ ಹೆಂಗಸರು ಕೊಟ್ಟದ್ದು. ಒಂದು ಮರಕ್ಕೆ ಒಂದು ಬೀಜ."

"ಯಾಕೆ? ಬಾಯಲ್ಲಿ ಹೇಳಬಹುದಿತ್ತಲ್ಲ."

"ಬಾಯಲ್ಲಿ ಹೇಳಿದ್ದಕ್ಕೇ ಅಲ್ವೇನೋ ಈ ಗತಿ ಬಂದದ್ದು!" ಅತ್ತೆ ಸಿಡುಕಿದಳು. "ಹೋದ ಚಳಿಗಾಲ ಮೊದಲನೇ ಸಲ ಬಂದ. ಬಾಗಿಲಿಗೆ ನಿಂತ್ಕೊಂಡು ಎಷ್ಟು ಮರ, ಎಷ್ಟು ಆಡು, ಎಷ್ಟು ಮಕ್ಕಳು ಅಂತ ಕೇಳಿದ. ಯಾವ ಮನೆ ಹೆಂಗಸು ಹೇಳ್ತಾಳೆ? ದೃಷ್ಟಿ ತಾಗಲ್ವಾ? ನಾಲ್ಕು ಒಣ ಗಿಡ, ಒಂದು ಕುಂಟು ಆಡು, ದೇವರು ಕೊಟ್ಟಷ್ಟು ಅಂದ್ವಿ. ನನ್ನ ಅಮ್ಮ ಹೇಳ್ತಿದ್ದದ್ದು ಅದೇ, ಅವಳಮ್ಮ ಹೇಳ್ತಿದ್ದದ್ದೂ ಅದೇ. ಅವನು ಅಷ್ಟನ್ನೇ ನಂಬಿಬಿಟ್ಟ."

ಬಾಕಿರ್ ಆಕಾಶದಿಂದ ಕಣ್ಣು ತೆಗೆದ.

ಮಸೀದಿಯ ಅಂಗಳದಲ್ಲಿ ಸಭೆ ಸೇರಿದ ದಿನ ಮೆಝಿಯಾನ್ ಆಡಿದ ಮಾತು ಅವನಿಗೆ ನೆನಪಾಯಿತು. ಬಿಳಿ ಉಣ್ಣೆಯ ನಿಲುವಂಗಿ ತೊಟ್ಟ ಹಿರಿಯರ ಮುಂದೆ ಆ ಮನುಷ್ಯ ಚಪ್ಪಲಿ ಬಿಟ್ಟು ನಿಂತು ಹೇಳಿದ್ದ: ಪ್ರವಾಹ ಎಲ್ಲಿಗಾದರೂ ಹೋಗಲೇಬೇಕು, ಎಲ್ಲಿಗೆ ಹೋದರೆ ಕಡಿಮೆ ಅಳು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಗುಡ್ಡದಿಂದ ಊರಿನವರೆಗೆ ಇಡೀ ಜಲಾನಯನದಲ್ಲಿ ಚಿಕ್ಕ ಚಿಕ್ಕ ಒಡ್ಡು ಹಾಕಿ ನೀರನ್ನು ಮೇಲೇ ಇಂಗಿಸಬಹುದು, ಅದಕ್ಕೆ ವರ್ಷಗಳು ಬೇಕು. ಊರಿಗೆಲ್ಲ ಗೋಡೆ ಕಟ್ಟಬಹುದು, ಅದಕ್ಕೆ ಖಜಾನೆಯಲ್ಲಿ ಹಣವಿಲ್ಲ. ಅಲ್ಲಿಯವರೆಗೆ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ಕಡೆಗೆ ನೀರು ತಿರುಗಿಸುವುದೊಂದೇ ದಾರಿ. ಆಗ ಕೆಳಕೇರಿಯ ನೀರುಗಂಟಿ ಹಮ್ಮೂ ಗರಿ ಕೊಯ್ಯುವ ಕುಡುಗೋಲು ಎತ್ತಿ, ನಿನ್ನ ತಲೆಯನ್ನೇ ಮೊದಲು ತಿರುಗಿಸ್ತೀನಿ ಎಂದು ಕೂಗಿದ್ದ. ಈಗ ಹಮ್ಮೂ ಲಾಕಪ್ಪಿನಲ್ಲಿದ್ದ.

"ಕಳೆದುಕೊಳ್ಳೋದಕ್ಕೆ ಏನೂ ಇಲ್ಲದ ಕೇರಿ," ಎಂದ ಬಾಕಿರ್ ಮೆಲ್ಲಗೆ. "ನೀವೇ ಹೇಳಿದ್ರಿ, ಅವನು ಬರ್ಕೊಂಡ."

"ಹೂಂ. ನಾವೇ ನಮ್ಮ ಬಾಯಿಂದ ನಮ್ಮ ಕೇರೀನ ಅಗ್ಗ ಮಾಡ್ಕೊಂಡ್ವಿ." ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಆಮೇಲೆ ಈ ಕೊಯ್ಲಿನಲ್ಲಿ ಇನ್ನೊಂದು ಸಲ ಒಬ್ಬನೇ ಬಂದ, ನಮ್ಮ ಮಾತು ಅಷ್ಟಿಷ್ಟು ಕಲ್ತಿದ್ದ. ಬೀದಿಯಲ್ಲಿ ಗೊನೆ ಹೊತ್ತ ಕತ್ತೆ ಸಾಲು ನೋಡಿ ಬಾಯಿ ಬಿಟ್ಕೊಂಡು ನಿಂತ. ಒಣ ಗಿಡದಲ್ಲಿ ಇಷ್ಟೊಂದು ಹಣ್ಣು ಬಿಡುತ್ತಾ ಅಮ್ಮಾ ಅಂದ. ನಂಗೆ ನಾಚಿಕೆ ಆಯ್ತು. ಬಾಯಲ್ಲಿ ಹೇಳಬಾರದಪ್ಪ, ಕೈ ಚಾಚು ಅಂದೆ. ನಮ್ಮಲ್ಲಿ ಎಣಿಸಲೇಬೇಕಾದ್ರೆ ಹಾಗಲ್ವಾ, ಮಾತಿಲ್ಲದೆ ಬೀಜ ಹಾಕೋದು? ಮನೆ ಮನೆಗೂ ಹೋಗಿ ಕೈ ಚಾಚಿದ. ಭಿಕ್ಷುಕನ ಹಾಗೆ. ನಗ್ತಾ ಇದ್ದ ಕಣೋ. ಇನ್ನು ನಿಮ್ಮ ತೂಬು ತಿರುಗಲ್ಲ, ನಾನು ಗವರ್ನರ್ ಹತ್ರ ಹೋಗಿ ತಪ್ಪು ನಂದೇ ಅಂತ ಹೇಳ್ತೀನಿ ಅಂದ."

"ಆಮೇಲೆ?"

"ಆಮೇಲೆ ಅವನ ಮುಖ ನೋಡಲಿಲ್ಲ." ಅತ್ತೆ ತಟ್ಟೆಯ ಬೀಜಗಳನ್ನು ಮತ್ತೆ ಕರವಸ್ತ್ರಕ್ಕೆ ತುಂಬತೊಡಗಿದಳು. "ಒಳ್ಳೆ ಮನುಷ್ಯ. ಎಲ್ಲರನ್ನೂ ಒಂದು ಪ್ರಶ್ನೆ ಕೇಳ್ತಿದ್ದ. ಹಳ್ಳ ಬಂದ್ರೆ ಮೊದಲು ಏನನ್ನ ಎತ್ಕೊಂಡು ಓಡ್ತೀರಿ ಅಂತ."

"ನೀನೇನಂದೆ?"

"ನಿನ್ನ ಫೋಟೋ ಅಂದೆ," ಎಂದು ಅತ್ತೆ ಒಳಗೆ ಎದ್ದು ಹೋದಳು.

ಬಾಕಿರ್ ಆರಿದ ಚಹಾವನ್ನು ಗುಟುಕಿಗೆ ಕುಡಿದು ಹೊರಬಿದ್ದ.

ಬೀದಿಯಲ್ಲಿ ಗಾಳಿ ಸುಮ್ಮನಿರಲಿಲ್ಲ. ಹೆಂಗಸರು ಹಾಸಿಗೆ, ಹಿಟ್ಟಿನ ಚೀಲ ಮಾಳಿಗೆಗೆ ಸಾಗಿಸುತ್ತಿದ್ದರು. ಕತ್ತೆಯೊಂದು ಯಾರು ಎಳೆದರೂ ಹೆಜ್ಜೆ ಎತ್ತದೆ ಬೀದಿಯ ನಡುವೆ ನಿಂತಿತ್ತು. ಮೂಲೆಯ ಕಲ್ಲುಬೆಂಚಿನ ಮೇಲೆ ಕೂತ ಮುದುಕರು ಅವನನ್ನು ಸುಮ್ಮನೆ ಬಿಡುವವರೇ?

"ಏನಪ್ಪಾ ಇನ್‌ಸ್ಪೆಕ್ಟರ್, ಹಮ್ಮೂನ ಒಳಗೆ ಹಾಕಿದ್ದೀಯ. ಹಳ್ಳ ಬಂದ್ರೆ ಕಾಲುವೆ ಬಾಯಿ ಯಾರು ಬಿಡಿಸ್ತಾರೆ? ನಿಮ್ಮ ಕಮಿಷನರಾ?"

"ಅವರಿಗೆ ಬೂಟು ನೆನೆದುಹೋಗುತ್ತೆ ಬಿಡು," ಎಂದ ಇನ್ನೊಬ್ಬ. ಬೆಂಚು ನಕ್ಕಿತು, ಆದರೆ ನಗು ಬೇಗ ನಿಂತಿತು. ಎಲ್ಲರ ಕಣ್ಣೂ ಗುಡ್ಡದ ಕಡೆ ಹೋಯಿತು.

ಬಾಕಿರ್ ನಡೆಯುತ್ತಲೇ ಕಮಿಷನರಿಗೆ ಫೋನು ಮಾಡಿದ. ಕೆಳಕೇರಿಯ ಲೆಕ್ಕವೇ ತಪ್ಪು, ಸತ್ತವನಿಗೆ ಅದು ತಿಳಿದಿತ್ತು, ತೂಬು ನಿಲ್ಲಿಸಲು ಹೊರಟಿದ್ದ, ಅವನನ್ನು ಕೊಂದವನು ಹಮ್ಮೂ ಆಗಿರಲು ಸಾಧ್ಯವಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದ. ತನ್ನ ಕೇರಿಯನ್ನು ಉಳಿಸಲು ಹೊರಟವನನ್ನು ಕೆಳಕೇರಿಯವನು ಯಾಕೆ ಕೊಲ್ಲುತ್ತಾನೆ?

"ಖರ್ಜೂರದ ಬೀಜ ತೋರಿಸಿ ಗವರ್ನರ್ ಆಜ್ಞೆ ನಿಲ್ಲಿಸೋಕಾಗುತ್ತೇನ್ರೀ?"

"ಬೀಜ ಅಲ್ಲ ಸರ್, ಆ ಮನುಷ್ಯನ ಮಾತು. ಅವನ ಲೆಕ್ಕ ನಂಬಿಯೇ ತೂಬು ಕಟ್ಟಿದ್ದಲ್ವಾ? ಅದೇ ಮನುಷ್ಯ ಲೆಕ್ಕ ತಪ್ಪು ಅಂದಮೇಲೆ ಒಂದು ಸಲವಾದರೂ ನಿಲ್ಲಿಸಬೇಕು. ಇವತ್ತಿನ ಹಳ್ಳ ಮೂರು ಕೇರಿಗೂ ಹಂಚಿ ಹೋಗಲಿ. ಎಲ್ಲರಿಗೂ ಮೊಣಕಾಲು ಮಟ್ಟ ಬರುತ್ತೆ. ಯಾರೂ ಮುಳುಗಲ್ಲ."

ಕಮಿಷನರ್ ದನಿ ತಗ್ಗಿಸಿದರು. "ಗವರ್ನರ್ ಕೇಳೋದು ಒಂದೇ ಪ್ರಶ್ನೆ. ಆ ಡಾಕ್ಟರಿಗೆ ಕೆಳಕೇರಿಯಲ್ಲಿ ಏನಾದರೂ ಸ್ವಂತ ಲಾಭ ಇತ್ತಾ? ಯಾರ ಹತ್ರವಾದರೂ ತಿಂದಿದ್ನಾ? ಕೈ ಶುದ್ಧ ಇತ್ತು ಅಂತ ನೀವು ಎದೆ ತಟ್ಟಿ ಹೇಳ್ತೀರಾ?"

"ಹೇಳ್ತೀನಿ ಸರ್."

"ವಿಚಾರಿಸಿ ಹೇಳಿ. ಹಳ್ಳ ಬಂತು ಅಂತ ಗೊತ್ತಾದ ತಕ್ಷಣ ನಾನೇ ಫೋನು ಮಾಡ್ತೀನಿ. ನಿಮ್ಮ ಒಂದು ಮಾತಿನ ಮೇಲೆ ಗವರ್ನರ್ ಹತ್ರ ಹೋಗ್ತೀನಿ. ಸುಳ್ಳಾದ್ರೆ ನಿಮ್ಮ ಜೊತೆ ನಾನೂ ಮುಳುಗ್ತೀನಿ, ನೆನಪಿರಲಿ."

ತೂಬಿನ ಗೋಡೆಯ ಮೇಲೆ ಸ್ಲೀಮಾನ್ ಒಬ್ಬನೇ ನಿಂತಿದ್ದ. ಆಚೆ ತುದಿಯಲ್ಲಿ ಇಬ್ಬರು ಕೆಲಸದವರು ಬಾಗಿಲು ಎತ್ತುವ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಸ್ಲೀಮಾನ್ ಮೇಲ್ಕೇರಿಯ ಮೇಷ್ಟ್ರು. ಬಾಕಿರನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಚಳಿಗಾಲದಲ್ಲಿ, ಇನ್ನೂ ಊರಿನ ಭಾಷೆ ಬಾರದಿದ್ದ ಮೆಝಿಯಾನ್‌ಗೆ ಮನೆ ಮನೆಯಲ್ಲಿ ದುಭಾಷಿಯಾಗಿದ್ದವನೂ ಅವನೇ.

"ಬಾರಯ್ಯ ಪತ್ತೇದಾರ," ಎಂದ ಸ್ಲೀಮಾನ್. "ಬೆಳಗಿನಿಂದ ಊರೆಲ್ಲ ಸುತ್ತಿ ಕೊನೆಗೆ ನನ್ನ ಹತ್ರ ಬಂದೆಯಾ?"

"ಕೆಳಕೇರಿ ಹೆಂಗಸರು ನಾಲ್ಕು ಒಣ ಗಿಡ ಅಂದಾಗ ನೀನು ಅದನ್ನ ಹಾಗೇ ದಾಟಿಸಿದೆ. ಸುಳ್ಳು ಅಂತ ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಲೇ, ದುಭಾಷಿ ಕೆಲಸ ಏನು? ಅವರು ಹೇಳಿದ್ದನ್ನ ಹೇಳೋದು. ಇಲ್ಲ ಸ್ವಾಮಿ, ಇವಳು ಸುಳ್ಳಿ, ಇವಳ ತೋಟದಲ್ಲಿ ಕಾಡೇ ಇದೆ ಅಂತ ನಾನು ಹೇಳಿದ್ರೆ? ಆಮೇಲೆ ಅವಳ ಮಗುವಿಗೆ ಜ್ವರ ಬಂದ್ರೆ ಆ ದೃಷ್ಟಿ ಯಾರ ತಲೆಗೆ? ನನ್ನ ತಲೆಗೆ." ಸ್ಲೀಮಾನ್ ಗೋಡೆಗೆ ಅಂಗೈ ಬಡಿದ. "ನಾನೂ ಈ ಊರಿನವನೇ ಕಣೋ."

"ಮೇಲ್ಕೇರಿಯೋರು ಮಾತ್ರ ಎಲ್ಲ ಒಪ್ಪಿಸಿದ್ರಲ್ಲ."

"ಏನು ಒಪ್ಪಿಸಿದ್ರು? ಫ್ರಿಜ್ಜು, ಟಿವಿ, ಅಂಗಡಿ ಸರಕು, ಕಾರು. ಫ್ರಿಜ್ಜಿಗೆ ಎಲ್ಲಿ ದೃಷ್ಟಿ ತಾಗುತ್ತೆ? ರಸೀತಿ ಸಮೇತ ತಂದು ತೋರಿಸಿದ್ರು. ಇವರ ಹತ್ರ ಮರ, ಆಡು, ಮಕ್ಕಳು. ಬಾಯಲ್ಲಿ ಹೇಳಬಾರದ್ದೆಲ್ಲ ಇವರ ಹತ್ರ, ಹೇಳಬಹುದಾದ್ದೆಲ್ಲ ಅವರ ಹತ್ರ. ಲೆಕ್ಕ ಯಾವ ಕಡೆ ವಾಲುತ್ತೆ?"

ಮಾತು ಸರಿಯೇ ಇತ್ತು. ಸರಿಯಾದ ಮಾತಾಡುವವನ ಮೇಲೇ ಬಾಕಿರನಿಗೆ ಅನುಮಾನ ಹೆಚ್ಚು. ಪೊಲೀಸ್ ಚಾಕರಿಯಲ್ಲಿ ಬಂದ ಕೆಟ್ಟ ಚಟ ಅದು.

"ಅವನು ಸತ್ತ ದಿನ ಎಲ್ಲಿದ್ದೆ?"

"ಇಲ್ಲೇ, ಅವನ ಜೊತೆ." ಸ್ಲೀಮಾನ್ ತಡವರಿಸಲಿಲ್ಲ. "ಕರವಸ್ತ್ರದ ಗಂಟು ಎತ್ತಿ ತೋರಿಸಿದ. ಕುಣಿದಾಡ್ತಿದ್ದ. ಕೈ ಮುಗಿದು ಬೇಡ್ಕೊಂಡೆ, ಗವರ್ನರ್ ಹತ್ರ ಹೋಗಬೇಡ ಅಂತ. ಹೋದ್ರೆ ಊರು ಏನು ಹೇಳುತ್ತೆ? ದುಭಾಷಿ ಮೇಲ್ಕೇರಿಯೋನು, ಬೇಕು ಅಂತಲೇ ಮುಚ್ಚಿಟ್ಟ ಅಂತ. ನಾಳೆಯಿಂದ ಕೆಳಕೇರಿ ಮಕ್ಕಳು ನನ್ನ ಶಾಲೆಗೆ ಬರ್ತಾರಾ?"

"ಕೇಳಲಿಲ್ಲ. ಅದಕ್ಕೆ ತಳ್ಳಿದೆ."

"ಬಾಯಿ ಮುಚ್ಚೋ!"

ಎಣ್ಣೆ ಬಿಡುತ್ತಿದ್ದವರು ತಿರುಗಿ ನೋಡಿದರು. ಗಾಳಿ ಇಬ್ಬರ ಅಂಗಿಯನ್ನೂ ಹಿಡಿದು ಎಳೆಯಿತು. ಬಾಕಿರ್ ಇನ್ನೂ ಹತ್ತಿರ ಹೋದ.

"ಕೇಳು ಸ್ಲೀಮಾನ್. ತೂಬು ಯಾವ ಕಡೆ ತಿರುಗುತ್ತೆ ಅಂತ ಊರಿಗಿಂತ ಮೊದಲು ಗೊತ್ತಿದ್ದೋನು ನೀನೊಬ್ಬನೇ. ನಿನ್ನ ತಾಯಿ ಕಡೆಯಿಂದ ಕೆಳಕೇರಿಯಲ್ಲಿ ಒಂದು ತೋಟ ಬಂದಿತ್ತಲ್ಲ. ಬುದ್ಧಿವಂತನಾದ್ರೆ ಏನು ಮಾಡ್ತಾನೆ? ಸದ್ದಿಲ್ಲದೆ ಮಾರ್ಕೊಳ್ತಾನೆ. ಆಮೇಲೆ ಲೆಕ್ಕ ತಪ್ಪು ಅಂತ ತೂಬು ನಿಂತ್ರೆ ತೋಟ ಉಳಿಯುತ್ತೆ, ಕೊಂಡವನು ನಗ್ತಾನೆ, ಅಗ್ಗಕ್ಕೆ ಮಾರಿದವನು ಹಲ್ಲು ಕಡೀತಾನೆ. ಮಾರಿದೆಯಾ?"

"ಇಲ್ಲ."

"ಹಾಗಾದ್ರೆ ಎಷ್ಟು ಮರ ಇದೆ ಹೇಳು. ಈಗಲೇ ಹೋಗಿ ನೋಡ್ಕೊಂಡು ಬರ್ತೀನಿ."

ಸ್ಲೀಮಾನ್ ಬಾಯಿ ತೆರೆದ. ಮತ್ತೆ ಮುಚ್ಚಿದ.

"ದೇವರು ಕೊಟ್ಟಷ್ಟು," ಎಂದ.

"ಎಷ್ಟು?"

"ನಾಲ್ಕು ಒಣ ಗಿಡ."

"ಆಟ ಆಡಬೇಡ!" ಬಾಕಿರ್ ಬೇಡಿ ಹೊರತೆಗೆದ. "ಕೊಲೆ ಕೇಸು ಇದು. ಸಂಖ್ಯೆ ಹೇಳು, ಇಲ್ಲ ಕೈ ಕೊಡು."

ಸ್ಲೀಮಾನ್‌ನ ಹಣೆಯ ಮೇಲೆ ಬೆವರು ಮೂಡಿತು. ಪಟ್ಟಣದಲ್ಲಿ ಓದಿದವನು, ಮಕ್ಕಳಿಗೆ ಗಣಿತ ಹೇಳಿಕೊಡುವವನು. ಗುಣಾಕಾರ ಕೇಳಿದರೆ ನಿದ್ದೆಯಲ್ಲಿ ಹೇಳುತ್ತಿದ್ದ. ಈಗ ತುಟಿ ಅಲುಗಿತು, ಸದ್ದು ಬರಲಿಲ್ಲ. ಕೊನೆಗೆ ಎರಡೂ ಕೈಯನ್ನು ಮುಂದೆ ಚಾಚಿದ.

"ಹಾಕು. ಹೇಳಲ್ಲ. ನನ್ನ ಮಗಳು ಹುಟ್ಟಿ ಇನ್ನೂ ನಲವತ್ತು ದಿನ ಆಗಿಲ್ಲ ಕಣೋ. ನನ್ನ ಮರ ನಾನೇ ಬಾಯಲ್ಲಿ ಎಣಿಸಲಾ?"

ಬಾಕಿರ್ ಬೇಡಿ ಹಿಡಿದು ನಿಂತೇ ಇದ್ದ. ಜೈಲಿಗೆ ಹೋಗಲು ಒಪ್ಪಿಕೊಂಡವನು ಒಂದು ಸಂಖ್ಯೆ ಹೇಳಲು ಒಪ್ಪುತ್ತಿಲ್ಲ. ಹೊರಗಿನವರು ಕೇಳಿದರೆ ನಗುತ್ತಾರೆ. ಕೆಳಕೇರಿಯ ಅನ್ನ ತಿಂದ ಬಾಕಿರನಿಗೆ ನಗು ಬರಲಿಲ್ಲ. ಆ ಹೆದರಿಕೆ ನಟನೆಯಲ್ಲ ಎಂದು ಅವನ ಹೊಟ್ಟೆಗೇ ಗೊತ್ತಾಗುತ್ತಿತ್ತು.

"ಸಮುದ್ರದ ನೀರು ಕುಡಿದು ಎಲ್ಲ ಮರೆತೆಯಾ?" ಸ್ಲೀಮಾನ್ ಹಂಗಿಸಿದ, ಆದರೆ ದನಿ ಇಳಿದಿತ್ತು. "ಮಾರೋವಾಗ ಮಾತ್ರ ಎಣಿಸೋದು. ಸಾಕ್ಷಿಗಳ ಮುಂದೆ, ಮಾರೋನು ತನ್ನ ಬಾಯಿಂದ ಒಂದು ಸಲ ಜೋರಾಗಿ ಸಂಖ್ಯೆ ಹೇಳ್ತಾನೆ. ಹೇಳಿದ ಅಂದ್ರೆ ಕೈ ಬಿಟ್ಟ ಅಂತ. ಆಮೇಲೆ ಎಷ್ಟು ಸಲ ಬೇಕಾದ್ರೂ ಹೇಳ್ಕೊಂಡು ತಿರುಗು, ದೃಷ್ಟಿ ಬಿದ್ರೆ ಕೊಂಡವನಿಗೆ. ನಾನು ಮಾರಿದ್ದಿದ್ರೆ ಈಗ ನಿಂಗೆ ಹಾಡಿ ಹೇಳ್ತಿದ್ದೆ. ನಂದು ಇನ್ನೂ ನಂದೇ. ಈ ತೂಬು ಎತ್ತಿದ್ರೆ ಮೊದಲು ಹೋಗೋದು ನಮ್ಮಮ್ಮನ ತೋಟ."

ಬಾಕಿರ್ ಬೇಡಿಯನ್ನು ಜೇಬಿಗೆ ಹಾಕಿದ. ಸ್ಲೀಮಾನ್ ಅಲ್ಲ. ಬೆಳಗಿನಿಂದ ಕಟ್ಟಿದ್ದೆಲ್ಲ ಕುಸಿದಿತ್ತು.

"ಆ ದಿನ ಇಲ್ಲಿಂದ ಅವನು ಎಲ್ಲಿಗೆ ಹೋದ?"

"ಕೆಳಕೇರಿ ಕಡೆಗೆ. ಗವರ್ನರ್ ಹತ್ರ ಹೋಗೋ ಮುಂಚೆ ಒಬ್ಬ ಹೆಣ್ಣುಮಗಳ ಹತ್ರ ಒಂದು ವ್ಯವಹಾರ ತೀರಿಸ್ಕೋಬೇಕು ಅಂದ. ಅದು ತೀರದೆ ನನ್ನ ಮಾತನ್ನ ಯಾರೂ ನಂಬಲ್ಲ ಅಂದ."

"ಯಾವ ಹೆಣ್ಣುಮಗಳು?"

"ಹೆಸರು ಹೇಳಲಿಲ್ಲ. ಜೇಬು ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ದ."

ಬಾಕಿರ್ ಗೋಡೆಯಿಂದ ಇಳಿಯತೊಡಗಿದ. ನಾಲ್ಕು ಮೆಟ್ಟಿಲು ಇಳಿದಿರಬಹುದು, ಕಾಲು ತಾನಾಗಿ ನಿಂತಿತು.

ಮೂವತ್ತೇಳು ಮರ ಕಣೋ!

ಅತ್ತೆ ಹಾಗೆಂದಿದ್ದಳು. ಚಹಾದ ಪಕ್ಕ, ಅಳುವ ದನಿಯಲ್ಲಿ, ತಡವರಿಸದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮುತ್ತು ಅವನ ಕಣ್ಣೆದುರೇ ಒಡೆದಿತ್ತು, ಅವನು ಆಕಾಶ ನೋಡುತ್ತ ನಿಂತಿದ್ದ.

ಚಿಕ್ಕಂದಿನಲ್ಲಿ ಅವನು ಅತ್ತೆಯ ತೋಟದಲ್ಲಿ ಮರಗಳನ್ನು ಒಂದು, ಎರಡು, ಮೂರು ಎಂದು ಕೂಗಿ ಎಣಿಸಿದ್ದಕ್ಕೆ ಇದೇ ಅತ್ತೆ ಬಾಯಿಗೆ ಹೊಡೆದಿದ್ದಳು. ತುಟಿ ಊದಿಕೊಂಡಿತ್ತು. ಅಂಥವಳು ಇವತ್ತು ಸಂಖ್ಯೆ ಹೇಳಿದಳು.

ಬೇರೆ ಅರ್ಥವೇ ಇರಲಿಲ್ಲ. ಆ ಮರಗಳು ಅತ್ತೆಯವಲ್ಲ.

ಬಾಕಿರ್ ಓಡಿದ. ಇನ್‌ಸ್ಪೆಕ್ಟರ್ ಬೀದಿಯಲ್ಲಿ ಓಡುವುದನ್ನು ಕಂಡು ಬೆಂಚಿನ ಮುದುಕರು ಹಳ್ಳವೇ ಬಂತೆಂದುಕೊಂಡು ಎದ್ದು ನಿಂತರು. ಯಾರೋ ಏನೋ ಕೂಗಿದರು. ಅವನು ತಿರುಗಲಿಲ್ಲ. ಅತ್ತೆ ಬಡತನಕ್ಕೆ ಮಾರಿರಬಹುದು. ಹೆದರಿ ಮಾರಿರಬಹುದು. ತಾನು ಕಳುಹಿಸುತ್ತಿದ್ದ ದಿನಾರುಗಳು ಸಾಲದೇ ಹೋದವೇ? ಕೇಳಿದಾಗಲೆಲ್ಲ ಎಲ್ಲ ಇದೆ ಮಗಾ ಎನ್ನುತ್ತಿದ್ದಳು. ಅವನಿಗೆ ಸಿಟ್ಟೂ ಬಂತು, ದುಃಖವೂ ಬಂತು, ಯಾವುದು ಮೊದಲು ಎಂದು ತಿಳಿಯಲಿಲ್ಲ.

ಅಂಗಳದಲ್ಲಿ ಅತ್ತೆ ತಟ್ಟೆ ಲೋಟ ತೊಳೆಯುತ್ತಿದ್ದಳು. ಅವನ ಮುಖ ನೋಡಿದಳು. ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಅತ್ತೆ, ನಿನ್ನ ತೋಟದಲ್ಲಿ ಎಷ್ಟು ಮರ?"

ಈ ಸಲ ಅವಳು ಹೇಳಲಿಲ್ಲ. ಹೇಳಿದ್ದು ನೆನಪಾಯಿತೋ ಏನೋ, ಒದ್ದೆ ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡಳು.

"ಯಾರಿಗೆ ಮಾರಿದೆ?"

"ನೀನು ಸುಸ್ತಾಗಿದ್ದೀಯ. ಮಜ್ಜಿಗೆ ಕೊಡ್ತೀನಿ ಕೂತ್ಕೋ."

"ಯಾರಿಗೆ ಅತ್ತೆ?"

ಅಂಗಳದ ಹಿಂದಿನ ಗೋಡೆಯಲ್ಲಿ ತೋಟಕ್ಕೆ ಹೋಗುವ ಗಿಡ್ಡ ಬಾಗಿಲಿತ್ತು, ಪಕ್ಕದಲ್ಲಿ ಒಂದು ಮೊಳೆ. ಆ ಮೊಳೆಗೆ ತೋಟದ ಮರದ ಕೀಲಿ ಯಾವಾಗಲೂ ನೇತಾಡುತ್ತಿತ್ತು. ಅವನು ಕೈಗೆಟುಕದ ವಯಸ್ಸಿನಿಂದ ಅದನ್ನು ನೋಡಿದ್ದ. ಈಗ ಮೊಳೆ ಖಾಲಿ ಇತ್ತು. ಗೋಡೆಯ ಮೇಲೆ ಕೀಲಿಯ ಆಕಾರದ ಬಿಳಿ ಗುರುತು ಮಾತ್ರ ಉಳಿದಿತ್ತು. ಬೆಳಿಗ್ಗೆಯೂ ಆ ಗುರುತು ಅಲ್ಲೇ ಇದ್ದಿರಬೇಕು. ಪತ್ತೇದಾರನಿಗೆ ಊರಿನ ಕಳ್ಳರೆಲ್ಲ ಕಾಣುತ್ತಾರೆ, ಸ್ವಂತ ಮನೆಯ ಮೊಳೆ ಕಾಣುವುದಿಲ್ಲ.

ಅವನ ಕೈ ಜೇಬಿಗೆ ಹೋಯಿತು. ಸತ್ತವನ ಕೀಲಿ ಅಲ್ಲೇ ಇತ್ತು. ಅದು ಯಾವ ಮನೆಯದೆಂದು ವಿಚಾರಿಸಲು ಬೆಳಿಗ್ಗೆ ಸ್ಟೇಷನ್ನಿನಿಂದ ತಂದಿದ್ದ.

"ಬೇಡ ಮಗಾ," ಎಂದಳು ಅತ್ತೆ.

ಬಾಕಿರ್ ಕೀಲಿಯನ್ನು ಗಿಡ್ಡ ಬಾಗಿಲಿನ ಬೀಗದ ತೂತಿಗೆ ಹಾಕಿ ಮೇಲಕ್ಕೆತ್ತಿದ. ಒಳಗೆ ಮರದ ಗೂಟಗಳು ಒಂದೊಂದಾಗಿ ಎದ್ದವು. ಬಾಗಿಲು ತೆರೆದುಕೊಂಡಿತು. ಆಚೆ ತೋಟದಲ್ಲಿ ಗರಿಗಳೆಲ್ಲ ಗಾಳಿಗೆ ಒಂದೇ ಕಡೆ ಬಾಗಿದ್ದವು.

"ಡಾಕ್ಟರಿಗೆ," ಎಂದಳು ಅತ್ತೆ ಅವನ ಬೆನ್ನ ಹಿಂದಿನಿಂದ. "ಈ ಕೊಯ್ಲಿನಲ್ಲಿ ಅವನೇ ಕೊಂಡ, ಮನೆ ಮನೆಗೆ ಬೀಜಕ್ಕೆ ಹೊರಡೋ ಮುಂಚೆ. ನಾನು ಬೀಜ ಹಾಕಿದ್ದು ನನ್ನ ಮರಕ್ಕಲ್ಲ ಕಣೋ, ಅವನ ಮರಕ್ಕೆ."

ಬಾಕಿರ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಲೆಕ್ಕ ತಿದ್ದಲು ಹೊರಟ ಮನುಷ್ಯನಿಗೆ ಆ ಲೆಕ್ಕದಲ್ಲೇ ತೋಟ ಇತ್ತು. ತೂಬು ತಿರುಗದಿದ್ದರೆ ಉಳಿಯುವುದು ಅವನ ಆಸ್ತಿ. ಗವರ್ನರ್‌ಗೆ ಬೇರೇನೂ ಬೇಕಿಲ್ಲ, ಇದೊಂದೇ ಸಾಕು.

"ಸತ್ತ ದಿನ ನಿನ್ನ ಹತ್ರ ಬಂದಿದ್ನಾ?"

"ಬಂದಿದ್ದ. ತೋಟ ವಾಪಸ್ ತಗೋ ಅಮ್ಮಾ, ಇದು ನನ್ನ ಹೆಸರಲ್ಲಿದ್ರೆ ಗವರ್ನರ್ ನನ್ನ ನಂಬಲ್ಲ ಅಂದ. ನಾನು…"

ಅವಳ ಮಾತು ಮುಗಿಯಲಿಲ್ಲ. ಗುಡ್ಡದ ಬುರುಜಿನಿಂದ ಕೋವಿಯ ಸದ್ದು ಬಂತು. ಹಿಂದೆಯೇ ಎರಡನೆಯ ಬುರುಜು, ಆಮೇಲೆ ಊರ ಬಾಗಿಲಿನದು. ಎಲ್ಲೋ ಒಬ್ಬಳು ಮುದುಕಿ ಅಭ್ಯಾಸಬಲದಿಂದ ಕೇಕೆ ಹಾಕಿದಳು, ಯಾರೂ ದನಿಗೂಡಿಸಲಿಲ್ಲ. ಬೀದಿಯಲ್ಲಿ ಮಕ್ಕಳ ಹೆಸರು ಹಿಡಿದು ಕೂಗುವುದು ಶುರುವಾಯಿತು.

ಬಾಕಿರನ ಫೋನು ಹೊಡೆದುಕೊಂಡಿತು. ಕಮಿಷನರ್.

ಅತ್ತೆ ಫೋನನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಗೋಡೆಯ ಮೇಲಿದ್ದ ಅವನ ಫೋಟೋ ಇಳಿಸಿಕೊಂಡು ಬಂದು, ಎದೆಗವಚಿಕೊಂಡು ಅಂಗಳದ ನಡುವೆ ಕೂತಳು. ಏಳುವ ಲಕ್ಷಣ ಕಾಣಲಿಲ್ಲ.

ಅವನು ಫೋನನ್ನು ಕಿವಿಗಿಟ್ಟ.

"ಹೇಳಿ ಬಾಕಿರ್," ಎಂದರು ಕಮಿಷನರ್. "ಗವರ್ನರ್ ಇನ್ನೊಂದು ಲೈನಿನಲ್ಲಿದ್ದಾರೆ. ಆ ಮನುಷ್ಯನ ಕೈ ಶುದ್ಧ ಇತ್ತಾ, ಇಲ್ವಾ?"